ಕಾಲಿಡಲು ಜಾಗವಿಲ್ಲದ ಪಾತಿ

ಹಿತ್ತಲ ಗೋಡೆ ಒಡೆಸಿ, ನೆಲಕ್ಕೆ ಗಾರೆ ಹಾಕಿಸಿ ಕಾರು ನಿಲ್ಲಿಸುತ್ತೇನೆ ಎಂದು ತಮ್ಮ ಊಟದ ಮಧ್ಯೆ ಹೇಳಿದಾಗ ಅಕ್ಕ ತಲೆಯೆತ್ತಲಿಲ್ಲ. ತಟ್ಟೆಯಲ್ಲಿದ್ದುದನ್ನು ಮುಗಿಸಿ ಕೈ ತೊಳೆದು ಬಂದು, “ಆಗಲ್ಲ” ಎಂದಳು. “ಅಲ್ಲಿ ನಾನು ತರಕಾರಿ ಬೆಳೀತೀನಿ.”

ತಮ್ಮ ನಕ್ಕ. ನಗುವುದಕ್ಕೆ ಕಾರಣವೂ ಇತ್ತು. ಅಕ್ಕ ಮೂವತ್ತೈದು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. ಗಿಡ ನೆಡುವುದಿರಲಿ, ಕುಂಡಕ್ಕೊಂದು ಲೋಟ ನೀರು ಹಾಕಿದ್ದನ್ನೂ ಯಾರೂ ಕಂಡಿರಲಿಲ್ಲ. ಸೂಜಿಯ ಕಣ್ಣು ಕಾಣದಾಗಿ ಅಂಗಡಿ ಮುಚ್ಚಿ ಆರು ತಿಂಗಳಾಗಿತ್ತು. ಅಂದಿನಿಂದ ಮನೆಯವರು ದಾರಿಗಡ್ಡ ಬಿದ್ದ ಹಳೇ ಕುರ್ಚಿಯನ್ನು ಸುತ್ತಿ ಹೋಗುವಂತೆ ಅವಳನ್ನು ಸುತ್ತಿ ಓಡಾಡುತ್ತಿದ್ದರು. ಅಪ್ಪ ಬಿಟ್ಟುಹೋದ ಮನೆಯಲ್ಲಿ ಅವಳಿಗೂ ಪಾಲಿತ್ತು, ಕೇಳುವವರಿರಲಿಲ್ಲ ಅಷ್ಟೆ.

“ಎರಡು ತಿಂಗಳು ಕೊಡ್ತೀನಿ,” ಎಂದ ತಮ್ಮ. “ಅಷ್ಟರಲ್ಲಿ ಒಂದು ಬೊಗಸೆ ತರಕಾರಿ ಬಂದ್ರೆ ಹಿತ್ತಿಲು ನಿಂದು. ಇಲ್ಲಾಂದ್ರೆ ಗಾರೆ.”

“ಮಾತು ತಪ್ಪಿದ್ರೆ ಕಿವಿ ಹಿಂಡ್ತೀನಿ. ಈಗ್ಲೂ ಎಟುಕತ್ತೆ ನಂಗೆ.”

ಅಂದೇ ಅವಳು ಪೆಟ್ಟಿಗೆಯಿಂದ ಟೇಪು, ಸೀಮೆಸುಣ್ಣ ತೆಗೆದಳು. ಹಿತ್ತಿಲನ್ನು ಉದ್ದ ಅಗಲ ಅಳೆದು, ಹಳೇ ಪೇಪರಿನ ಮೇಲೆ ಅಂಗಿಗೆ ಗುರುತು ಹಾಕುವಂತೆ ಗುರುತು ಹಾಕಿದಳು. ಇಲ್ಲಿ ಹುರುಳಿಕಾಯಿ, ಆ ಮೂಲೆಗೆ ಬೆಂಡೆ, ಗೋಡೆಯುದ್ದಕ್ಕೂ ಸೊಪ್ಪು. ಒಂದು ಚೂರೂ ದಂಡವಾಗದಂತೆ ಬಟ್ಟೆ ಕತ್ತರಿಸುವುದು ಅವಳ ಕಸುಬಿನ ಹೆಮ್ಮೆ. ಹಿತ್ತಿಲನ್ನೂ ಹಾಗೇ ಅಂಚಿನಿಂದ ಅಂಚಿಗೆ ತುಂಬಿಸಿದಳು. ನಾಲ್ಕು ದಿನ ಅಗೆದು, ಇಟ್ಟಿಗೆ ಚೂರು ಆರಿಸಿ, ಗೊಬ್ಬರ ಬೆರೆಸಿ, ನೆನೆಹಾಕಿದ ಕಾಳು ಊರಿದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಯಾರಿಗೂ ತೋರಿಸಲಿಲ್ಲ.

ಸಸಿಗಳೆಲ್ಲ ತಲೆಯೆತ್ತಿದ ಮೇಲೆ ತಪ್ಪು ಗೊತ್ತಾಯಿತು. ನಡುವಿನ ಸಾಲಿಗೆ ಹೋಗಲು ದಾರಿಯೇ ಇಲ್ಲ. ಕೂಸಿನ ಲಂಗಕ್ಕೂ ಒಳಗಡೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುತ್ತಿದ್ದವಳು ಇಲ್ಲಿ ತನ್ನ ಪಾದಕ್ಕೆ ಜಾಗ ಬಿಡಲು ಮರೆತಿದ್ದಳು.

“ಒಂದು ಸಾಲು ಕಿತ್ತಾಕು,” ಎಂದ ತಮ್ಮ, ಹಲ್ಲು ಕಿರಿಯುತ್ತ.

“ನಿನ್ನ ಹಲ್ಲು ಬೇಕಾದ್ರೆ ಕೀಳ್ತೀನಿ.”

ಬಟ್ಟೆ ಕತ್ತರಿಸುವ ಮೇಜಿನ ಉದ್ದನೆಯ ಹಲಗೆಯನ್ನು ಅವಳೇ ಎಳೆದು ತಂದು, ಮೆಟ್ಟಿಲಿನಿಂದ ಎದುರಿನ ಮೋಟುಗೋಡೆಗೆ ಅಡ್ಡ ಹಾಕಿದಳು. ದಿನಾ ಬೆಳಿಗ್ಗೆ ಅದರ ಮೇಲೆ ಬೋರಲು ಮಲಗಿ ಕಳೆ ಕೀಳುವಳು, ಚೊಂಬಿನಲ್ಲಿ ನೀರು ಹನಿಸುವಳು. ಅಕ್ಕ ಈಜು ಕಲಿಯುತ್ತಿದ್ದಾಳೆ ಎಂದು ತಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದ. ಅವಳು ಸೊಪ್ಪು ಹಾಕಲಿಲ್ಲ.

ನಲವತ್ತಾರನೆಯ ದಿನ, ಹುರುಳಿಕಾಯಿ ಗಿಡಗಳು ಬಿಳಿ ಹೂ ಬಿಟ್ಟಿದ್ದವು, ಸೊಪ್ಪನ್ನು ಹುಳು ಮುಗಿಸಿತ್ತು, ಬೆಂಡೆ ಮೊಣಕಾಲುದ್ದ ನಿಂತಿತ್ತು. ಕಾಯಿ ಒಂದೂ ಇರಲಿಲ್ಲ. ಅವತ್ತೇ ತಮ್ಮ ಗಾರೆ ಕೆಲಸದವನನ್ನು ಕರೆತಂದ.

“ಇವನಿಗೆ ಈ ವಾರ ಬಿಡುವಿದೆಯಂತೆ. ಹೇಗೂ ಏನೂ ಬಂದಿಲ್ವಲ್ಲ,” ಎಂದ, ಅವಳ ಮುಖ ನೋಡದೆ.

ಗಾರೆ ಕೆಲಸದವ ಅಳತೆ ದಾರ ಹಿಡಿದು ಮೆಟ್ಟಿಲ ಮೇಲೆ ನಿಂತ. ಬಲಗಾಲು ಎತ್ತಿದ, ಇಳಿಸಿದ. ಎಡಗಾಲು ಎತ್ತಿದ. “ಎಲ್ಲಿ ಕಾಲಿಡ್ಲಿ ಸ್ವಾಮಿ? ಎಲ್ಲಾ ಕಡೆ ಹೂವಿದೆ. ಅಮ್ಮಾ, ಆ ಹಲಗೆ ಮೇಲೆ ಹೋಗ್ಲಾ?”

ಅಕ್ಕ ಬಗ್ಗಿ ಹಲಗೆಯನ್ನು ದರದರ ಎಳೆದು ಒಳಗೆ ತಂದಿಟ್ಟಳು.

“ಇನ್ನೂ ಹದಿನಾಲ್ಕು ದಿನ ಇದೆ,” ಎಂದಳು ತಮ್ಮನಿಗೆ. “ಅವನ್ಯಾಕೆ ತುಳೀಬೇಕು? ಮಾತು ಕೊಟ್ಟೋನು ನೀನು. ನೀನೇ ತುಳಿ.”

ತಮ್ಮ ಚಪ್ಪಲಿ ಕಾಲನ್ನು ಹೂವಿನ ಮೇಲೆ ಎತ್ತಿ ಹಿಡಿದ. ಗಾರೆ ಕೆಲಸದವ ಗೋಡೆ ನೋಡುತ್ತ ನಿಂತ. ಎತ್ತಿದ ಕಾಲು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಮೆಟ್ಟಿಲಿಗೇ ವಾಪಸು ಬಂತು. “ಹದಿನಾಲ್ಕು ದಿನ ಬಿಟ್ಟು ಬಾಪ್ಪಾ,” ಎಂದ ಕೆಲಸದವನಿಗೆ.

ಅರವತ್ತನೆಯ ದಿನ ಆಫೀಸಿಗೆ ಹೊರಟಿದ್ದವನು ಹಿತ್ತಲಿಗೆ ಬಂದು ಬೊಗಸೆ ಒಡ್ಡಿದ. “ಎಲ್ಲಿ?”

ಅಕ್ಕ ಹಲಗೆ ಹಾಕಿದಳು. “ನಡುವಿನ ಸಾಲಲ್ಲಿದೆ. ಕಿತ್ಕೋ.”

ಗೊಣಗುತ್ತ ಬೋರಲು ಮಲಗಿ ಅವನು ಕೈ ಚಾಚಿದ. ಎಲೆಯಡಿಯಲ್ಲಿ ಹುರುಳಿಕಾಯಿ ಗೊಂಚಲು ಗೊಂಚಲಾಗಿತ್ತು. ಬೊಗಸೆ ತುಂಬಿ ಜೇಬೂ ತುಂಬುವ ಹೊತ್ತಿಗೆ ಪ್ಯಾಂಟಿನ ಹಿಂದುಗಡೆ ಹೊಲಿಗೆ ಪರ್ರನೆ ಬಿಚ್ಚಿತು. ಅವನು ಅಲ್ಲಾಡದೆ ಹಲಗೆಯ ಮೇಲೇ ಉಳಿದ.

“ಬಿಚ್ಚಿ ಕೊಡು. ನಾನೇ ಹೊಲಿದ ಪ್ಯಾಂಟು, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದೀನಿ, ಕಣ್ಣು ಮುಚ್ಕೊಂಡೇ ಹೊಲಿದುಕೊಡ್ತೀನಿ,” ಎಂದಳು ಅಕ್ಕ, ಹಲಗೆಯ ತುದಿಯಲ್ಲಿ ಕೂರುತ್ತ. “ಅದಕ್ಕೆ ಮುಂಚೆ ಗಾರೆಯವನಿಗೆ ಫೋನ್ ಮಾಡಿ ಬರೋದು ಬೇಡ ಅನ್ನು. ಮಲಗಿದ ಹಾಗೇ ಮಾಡು, ನಾನು ಕೇಳಿಸ್ಕೋಬೇಕು.”