ಹುಕ್ಕೇರಿಯ ಪೈಲವಾನ

ಗೋಕಾಕ ಫಾಲ್ಸಿನ ಹತ್ತಿರ ಕಾರು ನಿಂತಾಗ ಬೀರಸಿದ್ದಪ್ಪ ಎಂದಿನಂತೆ ಎಲ್ಲರಿಗಿಂತ ಮೊದಲು ಇಳಿದ. ಇಳಿದವನ ಕಣ್ಣು ನೇರ ಹೋದದ್ದು ತೂಗು ಸೇತುವೆಯ ಬಾಜೂ ಇದ್ದ ಗೊಂಜಾಳ ತೆನೆಯ ಬುಟ್ಟಿಗೆ. ಅಕ್ಕ ಶಿವಗಂಗವ್ವ ಅಲ್ಲೇ ಕೂತಿದ್ದಳು. ಈ ಜಿಟಿಜಿಟಿ ಮಳೆಗೆ ಬಂದಿರಲಿಕ್ಕಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ.

ಯಮಕನಮರಡಿಯ ಲಾರಿ ಮಾಲೀಕ ಅಣ್ಣಾಸಾಹೇಬರಿಗೆ ಅವನು ಹದಿನೆಂಟು ವರ್ಷದಿಂದ ಅಂಗರಕ್ಷಕ. ಹುಕ್ಕೇರಿಯ ತಾಲೀಮಿನಲ್ಲಿ ಪಳಗಿದ ಪೈಲವಾನನೆಂದು ಉಸ್ತಾದ ಲಗಮಣ್ಣನವರೇ ಚೀಟಿ ಬರೆದುಕೊಟ್ಟಿದ್ದರು. ಪಾಪ, ಹೊಟ್ಟೆ ಹೊರೆಯಲಿ ಎಂದು ಬರೆದದ್ದು ಅಷ್ಟೆ. ಬೀರಸಿದ್ದಪ್ಪ ಅಲ್ಲಿ ಕಣದ ಮಣ್ಣಿಗೆ ಮಜ್ಜಿಗೆ, ಎಣ್ಣೆ ಹಾಕಿ ಕಲಸುತ್ತಿದ್ದ, ಪೈಲವಾನರ ಲಂಗೋಟಿ ಒಗೆಯುತ್ತಿದ್ದ. ಒಂದು ಕುಸ್ತಿಯನ್ನೂ ಆಡಿದವನಲ್ಲ.

ಅವನ ತಾಲೀಮು ನಡೆದದ್ದು ಈ ಬುಟ್ಟಿಯ ಪಕ್ಕದಲ್ಲಿ. ಮೂಡಲಗಿಯಲ್ಲಿ ಅಪ್ಪ, ಅವ್ವ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅವನಿಗೆ ಏಳು, ಅಕ್ಕನಿಗೆ ಹದಿನಾರು. ತಮ್ಮನ ಕೈ ಹಿಡಿದುಕೊಂಡು ಇಲ್ಲಿಗೆ ಬಂದವಳು, ನೀರು ನೋಡಲು ಬರುವವರಿಗೆ ತೆನೆ ಸುಟ್ಟು ಮಾರತೊಡಗಿದಳು. ಮಂಗಗಳಿಂದ ಬುಟ್ಟಿ ಕಾಯುವುದು ಅವನ ಪಾಲಿಗೆ. ಮೊದಲ ವಾರ ದಿನಾಲೂ ಐದಾರು ತೆನೆ ಹೋದವು. ಅಕ್ಕ ಬಯ್ಯಲಿಲ್ಲ. ಅವನ ಗದ್ದ ಹಿಡಿದು ಮುಖವನ್ನು ಆಚೆ ಕೂತ ಮಂಗದ ಕಡೆ ತಿರುಗಿಸಿದಳು.

"ಹಲ್ಲ ಕಿಸದು ಬರತೈತಲ್ಲ, ಅದನ್ನ ಬಿಡೊ. ಆಚೀಕ ಸುಮ್ನ ಕುಂತೈತಿ ನೋಡು, ಅದು ಕಳ್ಳ."

ಆ ಮಾತಿನ ಮೇಲೆಯೇ ಅವನ ಬದುಕು ನಡೆದಿತ್ತು. ಅಣ್ಣಾಸಾಹೇಬರ ಸಭೆಗಳಲ್ಲಿ ಕೂಗಾಡುವವನನ್ನು ಬಿಟ್ಟು, ಮೂಲೆಯಲ್ಲಿ ಮಿಸುಕದೆ ನಿಂತವನ ಪಕ್ಕ ಹೋಗಿ ತಾನೂ ಸುಮ್ಮನೆ ನಿಲ್ಲುತ್ತಿದ್ದ. ಅವನ ಗಾತ್ರ ನೋಡಿ ಆ ಮನುಷ್ಯ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದ.

ಕಾರಿನಿಂದ ಅಣ್ಣಾಸಾಹೇಬರೂ ಇಳಿದರು. ಅವರ ಹೆಂಡತಿ ಇಂದುಬಾಯಿ ಹೊಸ ಬೀಗರನ್ನು ಕರೆದುಕೊಂಡು ಬುಟ್ಟಿಯ ಮುಂದೆಯೇ ನಿಂತರು. "ಇಂವಾ ನಮ್ಮ ಪೈಲವಾನ್ರಿ. ಹುಕ್ಕೇರಿ ತಾಲೀಮಿನಾಂವ. ಹತ್ತ ಮಂದೀನ ಒಬ್ಬನ ಒಗೀತಾನ."

ಶಿವಗಂಗವ್ವ ತಲೆ ಎತ್ತಿ ತಮ್ಮನನ್ನು ನೋಡಿದಳು. ಅವನು ನೆಲ ನೋಡಿದ. ಅವಳಿಗೆ ಎಲ್ಲ ತಿಳಿಯಿತು.

"ಹೌದೇನ್ರಿ ಬಾಯಾರ, ನೋಡಿದ್ರನ ಅಂಜಿಕಿ ಬರತೈತಿ ಬಿಡ್ರಿ," ಎಂದಳು ತೆನೆಗೆ ಲಿಂಬೆ ತಿಕ್ಕುತ್ತ. ಆಮೇಲೆ ಅವನತ್ತ ತಿರುಗಿ, "ನಿಮಗೂ ಒಂದ ಕೊಡ್ಲೇನ್ರಿ ಸಾಹೇಬ್ರ?"

ತನ್ನ ಪಾಲಿನ ರೊಟ್ಟಿ ಮುರಿದು ಅವನ ತಟ್ಟೆಗೆ ಹಾಕಿದ ಅಕ್ಕ. ದೀಪಾವಳಿಗೆ ಹೋದಾಗ ಇವತ್ತಿಗೂ ಅವನ ತಲೆಗೆ ಎಣ್ಣೆ ಹಚ್ಚುವ ಅಕ್ಕ. ಅವನ ನೌಕರಿ ಉಳಿಯಲಿ ಎಂದು ಅವನನ್ನು ಹೊರಗಿನವನನ್ನಾಗಿ ಮಾಡಿದ್ದಳು. ಬಾಯಿ ಮುಚ್ಚಿಕೊಂಡು ತೆನೆ ತೆಗೆದುಕೊಂಡರೆ ಪಗಾರವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

"ಅಕ್ಕಾ, ನನಗ್ಯಾಕ 'ರೀ' ಅಂತಿ?" ಎಂದುಬಿಟ್ಟ.

ಬೀಗರ ಕೈಯಲ್ಲಿದ್ದ ತೆನೆ ಬಾಯಿಯ ಹತ್ತಿರವೇ ನಿಂತಿತು. ಬೀರಸಿದ್ದಪ್ಪ ಅಣ್ಣಾಸಾಹೇಬರ ಎದುರಿಗೆ ಹೋಗಿ ಕೈಕಟ್ಟಿ ನಿಂತ. "ಈಕಿ ನಮ್ಮಕ್ಕ ರೀ. ನಾ ಕುಸ್ತಿ ಆಡಿದಾಂವಲ್ಲ. ಇಲ್ಲಿ ಮಂಗ್ಯಾ ಕಾಯತಿದ್ದೆ. ಚೀಟಿ ಸುಳ್ಳರೀ."

"ಹುಚ್ಚಪ್ಯಾಲಿ," ಎಂದು ಅಕ್ಕ ಹಲ್ಲು ಕಚ್ಚಿದಳು. "ಅನ್ನದಾಗ ಮಣ್ಣ ಹಾಕ್ಕೊಂಡಿ."

"ಸುಳ್ಳ ಹೇಳಿದ್ದು ತಪ್ಪ. ಖರೇದನ್ನ ಅವತ್ತ ಹೇಳಬೇಕಿತ್ತು," ಎಂದರು ಅಣ್ಣಾಸಾಹೇಬರು. "ಪೈಲವಾನರನ್ನ ನಾನೂ ನೋಡೇನಿ. ಕೈ ಸುಮ್ಮನಿರಾಂಗಿಲ್ಲ ಅವರ್ದು. ಹದಿನೆಂಟು ವರ್ಷದಾಗ ನೀ ಒಬ್ಬನ್ನೂ ಮುಟ್ಟಿಲ್ಲ. ನನಗ ಸಂಶೇ ಇರಲಿಲ್ಲೇನೊ? ನೀ ಕೈ ಎತ್ತೂದಿಲ್ಲ ಅಂತನ ಇಟಗೊಂಡೇನಿ."

ಬೀಗರನ್ನು ಕರೆದುಕೊಂಡು ಸೇತುವೆಯ ಕಡೆ ನಡೆದರು. ಹಿಂದೆಯೇ ಹೊರಟವನನ್ನು ಕೈ ಸನ್ನೆಯಿಂದ ತಡೆದರು. "ತಾಸ ಬಿಟ್ಟ ಬರತೇವಿ. ಇಲ್ಲೇ ಕುಂಡ್ರು."

ಕೆಲಸದ ಹೊತ್ತಿನಲ್ಲಿ ಅವನು ಕೂತದ್ದೇ ಇಲ್ಲ. ಎಲ್ಲಿ ಕೂಡಬೇಕೆಂದು ತಿಳಿಯದೆ ನಿಂತೇ ಇದ್ದ. ಅಕ್ಕ ಮುಖ ಗಂಟು ಹಾಕಿಕೊಂಡೇ ಒಂದು ಗೋಣಿಚೀಲ ಅವನ ಕಡೆ ಎಸೆದಳು.

"ಏ ಬೀರ್ಯಾ, ಗಿಡಾ ನಿಂತಂಗ ನಿಂತಿಯಲ್ಲೊ. ಇದ್ದಲಿ ಆರಾಕತ್ತೈತಿ, ಊದು."

ಇಸ್ತ್ರಿ ಮಾಡಿದ ಪ್ಯಾಂಟಿನ ಮೊಣಕಾಲೂರಿ ಅವನು ಊದತೊಡಗಿದ.