ಏಳಗೋಲ ಮನಿ

ಬೈಲಹೊಂಗಲದಲ್ಲಿ ಮನುಷ್ಯನಿಗೆ ಹೆಸರಿಡುವವರು ತಂದೆ-ತಾಯಿಯಲ್ಲ, ಊರು. ತಂದೆ-ತಾಯಿ ಇಟ್ಟದ್ದು ಶಾಲೆಯ ಹಾಜರಿಗೆ, ರೇಶನ್ ಕಾರ್ಡಿಗೆ. ಊರು ಇಟ್ಟ ಅಡ್ಡಹೆಸರು ಮರಿಮಕ್ಕಳ ತನಕ. ಪೇಟೆಯ ಕಿರಾಣಿ ಅಂದಾನೆಪ್ಪನನ್ನೇ ನೋಡಿ. ಅವನ ಮುತ್ತಜ್ಜ ಎಂದೋ ಜಾರಿಬಿದ್ದ ತಂಬಿಗೆ ತೆಗೆಯಲು ಹೋಗಿ ತಾನೇ ಬಾವಿಗೆ ಬಿದ್ದನಂತೆ. ಮುತ್ತಜ್ಜ ಮೇಲೆ ಬಂದ, ಬಾಳಿದ, ಸತ್ತ, ಬಾವಿಯೂ ಮುಚ್ಚಿಹೋಯಿತು. ಅಂಗಡಿಯ ಬೋರ್ಡಿನ ಮೇಲೆ ಮಾತ್ರ ‘ತಂಬಿಗಿ ಕಿರಾಣಿ ಸ್ಟೋರ್ಸ್’ ಎಂದು ಇವತ್ತಿಗೂ ದಪ್ಪ ಅಕ್ಷರದಲ್ಲಿದೆ.

ನದಾಫ ಓಣಿಯಲ್ಲಂತೂ ಅಡ್ಡಹೆಸರಿಲ್ಲದೆ ನಡೆಯುವುದೇ ಇಲ್ಲ. ಎಲ್ಲರೂ ನದಾಫರೇ, ಅದರಲ್ಲೂ ಬಾಬಾಜಾನರೇ ನಾಲ್ಕು ಜನ. ಲಾರಿ ಬಾಬಾಜಾನ, ಪಂಚರ್ ಬಾಬಾಜಾನ, ಕುಂಟ ಬಾಬಾಜಾನ, ಮತ್ತೆ ಅರಳೆ ಪಿಂಜಿ ಗಾದಿ ಹೊಲಿಯುವ ನಮ್ಮ ಗಾದಿ ಬಾಬಾಜಾನ. ಅವನ ಅಜ್ಜನೂ ಗಾದಿ, ಅಪ್ಪನೂ ಗಾದಿ. ಯರಗಟ್ಟಿ, ನೇಸರಗಿ ಕಡೆಯಿಂದ ಮದುವೆಯ ಗಾದಿಗೆಂದು ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಆ ಹೆಸರು ಹೇಳಿದರೆ ಸಾಕಿತ್ತು, ಯಾರಾದರೂ ಬಾಗಿಲ ತನಕ ತಂದು ಬಿಡುತ್ತಿದ್ದರು.

ಅವನ ಮಗ ಶಹಬಾಜ ಹಾರಲು ಕಲಿತದ್ದು ಆ ಅರಳೆಯ ರಾಶಿಯ ಮೇಲೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ದಬಕ್ಕನೆ ಬೀಳುವುದು, ಎದ್ದು ಮತ್ತೆ ಬೀಳುವುದು. “ಮಂಗ್ಯಾ, ಮಂದಿ ಮದುವಿ ಗಾದಿದ್ದೋ ಅದು!” ಎಂದು ತಾಯಿ ಕಾಶಿಂಬಿ ಬೈದು ಬೈದು ಸೋತಳು. ಶಾಲೆಯ ಮೈದಾನದಲ್ಲಿ ಉಳಿದ ಹುಡುಗರು ಮೊಣಕಾಲು ತರಚೀತೆಂದು ಹೆದರುವಲ್ಲಿ ಇವನು ಬರೀ ಕಲ್ಲುನೆಲದ ಮೇಲೆ ಅಡ್ಡಬಿದ್ದು ಚೆಂಡು ಹಿಡಿಯುತ್ತಿದ್ದ. ಬೆಳಗಾವಿಯ ಕೋಚ್ ಆಕಾಶ ಅದನ್ನು ಕಂಡು ಹಾಸ್ಟೆಲಿಗೆ ಕರೆದೊಯ್ದ. ಹದಿನಾರು ತುಂಬುವ ಮೊದಲೇ ಹುಡುಗ ದೇಶದ ಕಿರಿಯರ ಫುಟ್‌ಬಾಲ್ ತಂಡಕ್ಕೆ ಎರಡನೆಯ ಗೋಲ್‌ಕೀಪರ್ ಆಗಿ ವಿಮಾನ ಹತ್ತಿದ.

ಆಗ ನೋಡಬೇಕಿತ್ತು ಊರಿನ ಸಡಗರ! ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ನಮ್ಮಲ್ಲೇನು ಬರವೇ? ಸರ್ಕಲ್ಲಿನಲ್ಲಿ ‘ಬೈಲಹೊಂಗಲದ ಹುಲಿ’ ಎಂದು ಬ್ಯಾನರ್ ಎದ್ದಿತು. ಅದರಲ್ಲಿ ಶುಭ ಕೋರುವವರ ಮುಖಗಳು ದೊಡ್ಡವು, ಹುಲಿಯ ಮುಖ ಮೂಲೆಯಲ್ಲಿ ಬೋರೆಹಣ್ಣಿನಷ್ಟು. ಬಾಬಾಜಾನ ಅದಕ್ಕೂ ಹಿಗ್ಗಿದ. ಏಷ್ಯಾದ ಹುಡುಗರೆಲ್ಲ ಸೇರಿದ ಆ ಪಂದ್ಯಾವಳಿಯಲ್ಲಿ ದೇಶದವರು ಮೊದಲೆರಡು ಆಟ ಸೋತರು. ಎರಡನೆಯದರಲ್ಲಿ ಮೊದಲ ಗೋಲ್‌ಕೀಪರನ ಬೆರಳು ಮುರಿಯಿತು. ಮೂರನೆಯ ಆಟಕ್ಕೆ ಶಹಬಾಜನೇ ನಿಲ್ಲುತ್ತಾನೆಂದು ಸುದ್ದಿ ಬಂತು. ಅಂದಾನೆಪ್ಪ ತನ್ನ ಅಂಗಡಿಯ ಎದುರು ಪರದೆ ಕಟ್ಟಿಸಿದ. ಪರದೆಗೆ ಗಾದಿಯ ಹೊಸ ಬಿಳಿ ಬಟ್ಟೆ ಕೊಟ್ಟವನು ಬಾಬಾಜಾನ.

ಎದುರಿನ ದೇಶದ ಹೆಸರು ಬಾಬಾಜಾನನ ನಾಲಗೆಗೆ ಕೊನೆಗೂ ಹೊರಳಲಿಲ್ಲ. ಆದರೆ ಆ ಹುಡುಗರ ಕಾಲುಗಳನ್ನು ಅವನು ಮರೆಯಲಾರ. ಇತ್ತ ನಮ್ಮವನೊಬ್ಬ ಅರ್ಧ ಆಟದೊಳಗೇ ಕೆಂಪು ಕಾರ್ಡು ತಿಂದು ಹೊರಗೆ ನಡೆದ. ಮೂರು ಗೋಲಾದಾಗ ಮಂದಿ ಚಹಕ್ಕೆಂದು ಎದ್ದರು. ಐದಾದಾಗ, “ಬ್ಯಾರೆ ಏನರ ಹಚ್ಚೋ ಮಾರಾಯಾ” ಎಂದು ಒಬ್ಬ ಕೂಗಿದ. ಆಮೇಲೆ ಶಹಬಾಜ ಒಂದು ಪೆನಾಲ್ಟಿ ಹಿಡಿದ. ಬಲಕ್ಕೆ ಪೂರ್ತಿ ಚಾಚಿ, ಅರಳೆಯ ಮೇಲೆ ಬೀಳುತ್ತಿದ್ದ ಹಾಗೆಯೇ ಬಿದ್ದು, ಚೆಂಡನ್ನು ಎದೆಗವಚಿಕೊಂಡ. “ಶಾಬಾಶ್ ನನ್ನ ಹುಲಿ!” ಎಂದು ಬಾಬಾಜಾನ ಎದ್ದು ನಿಂತು ಹಿಂದೆ ತಿರುಗಿದರೆ ಖಾಲಿ ಕುರ್ಚಿಗಳು. ಅಂದಾನೆಪ್ಪ ಆಗಲೇ ಸ್ಪೀಕರಿನ ವೈರು ಸುತ್ತುತ್ತಿದ್ದ. ಏಳನೆಯ ಗೋಲನ್ನು ಬಟ್ಟೆ ಬಿಚ್ಚಿದ ಮೇಲೆ ಗೋಡೆಯ ಮೇಲೆಯೇ ನೋಡಬೇಕಾಯಿತು.

ಮರುದಿನ ಬೆಳಿಗ್ಗೆ ಪೇಟೆಯಲ್ಲಿ ಎಲ್ಲರೂ ಫುಟ್‌ಬಾಲ್ ಪಂಡಿತರು. ಫೋನಿನಲ್ಲಿ ತಂಡದ ಜಾತಕವನ್ನೇ ತೆಗೆದಿದ್ದರು. ಯಾವ ವರ್ಷ ಎಲ್ಲಿ ಆಡಿದರು, ಎಷ್ಟು ಗೆದ್ದರು, ಎಷ್ಟು ತಿಂದರು, ಎಲ್ಲ ಅಲ್ಲಿತ್ತು. ‘ಅತಿ ದೊಡ್ಡ ಸೋಲು’ ಎಂಬ ಸಾಲಿನಲ್ಲಿ ಹೊಸದಾಗಿ ಏಳು–ಸೊನ್ನೆ ಬಂದು ಕೂತಿತ್ತು. ಹಿಡಿದ ಪೆನಾಲ್ಟಿಗೆ ಅಲ್ಲಿ ಜಾಗವಿರಲಿಲ್ಲ. ಬಾಬಾಜಾನ ಚಹದಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ಅಂದಾನೆಪ್ಪ ಬಸಿ ಕೆಳಗಿಟ್ಟು ನಕ್ಕ.

“ಬಾರಪಾ ಏಳಗೋಲ, ಚಾ ಕುಡಿ.”

ಎಲ್ಲರೂ ನಕ್ಕರು. ನಗೆ ನಿಲ್ಲುವ ತನಕ ಬಾಬಾಜಾನ ಮೆಟ್ಟಿಲ ಮೇಲೆಯೇ ನಿಂತಿದ್ದ.

“ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು, ಅಂದಾನೆಪ್ಪಾ. ಆ ಮಾತು ಹಿಂದಕ್ಕ ತಗೊ.”

“ಅಯ್ಯ, ಚಾಷ್ಟಿ ಮಾಡಿದ್ರ ಇಷ್ಟ್ಯಾಕ ಸಿಟ್ಟು? ನಮ್ಮ ಮುತ್ಯಾ ಬಾವ್ಯಾಗ ಬಿದ್ದ, ನಾವು ಬೋರ್ಡ್ ಬರಿಸೇವಿ. ನೀನೂ ಬರಿಸು!”

ಬಾಬಾಜಾನ ಅವತ್ತಿನಿಂದ ಅಂದಾನೆಪ್ಪನ ಅಂಗಡಿಯ ಸಕ್ಕರೆ ಮುಟ್ಟಲಿಲ್ಲ. ಅದರಿಂದೇನಾಯಿತು? ಗಡಿಗೆಯ ಬಾಯಿ ಮುಚ್ಚಬಹುದು, ಮಂದಿಯ ಬಾಯಿ ಮುಚ್ಚಲಾದೀತೇ? ಹಾಲಿನವನು ಅಂದ, ಕರೆಂಟ್ ಬಿಲ್ಲಿನವನು ಅಂದ. ಬ್ಯಾನರನ್ನು ಯಾರೋ ಬಿಚ್ಚಿಕೊಂಡು ಹೋಗಿ ಗೋವಿನಜೋಳದ ರಾಶಿಗೆ ಮುಚ್ಚಿದರು. ಶಹಬಾಜ ರಜೆಗೆಂದು ಬಂದವನು ಮತ್ತೆ ಹಾಸ್ಟೆಲಿಗೆ ಹೋಗಲಿಲ್ಲ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು ಪಿಂಜುವ ಮಷೀನಿನ ಮುಂದೆ ಕೂತ. ಆ ಮಷೀನು ಹಚ್ಚಿದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅವನಿಗೆ ಬೇಕಾದದ್ದೂ ಅದೇ.

ಎರಡು ವರ್ಷದ ಮೇಲೆ ದೇಶದ ಹುಡುಗರ ಹೊಸ ತಂಡ ಅದೇ ಪಂದ್ಯಾವಳಿಗೆ ಹೊರಟಿತು. ಬಾಬಾಜಾನ ದರ್ಗಾಕ್ಕೆ ಹೋಗಿ ಸಕ್ಕರೆಗೆ ಫಾತಿಹಾ ಓದಿಸಿಕೊಂಡು ಬಂದ. ಏನೆಂದು ಬೇಡಿಕೊಂಡ ಗೊತ್ತೇ? ಎಂಟು ಗೋಲು ತಿನ್ನಲಿ ಎಂದು. ಎಂಟಾದರೆ ‘ಅತಿ ದೊಡ್ಡ ಸೋಲು’ ಎಂಬ ಆ ದರಿದ್ರ ಸಾಲಿನಿಂದ ಏಳು ಅಳಿಸಿಹೋಗುತ್ತದೆ, ಸೋಲು ಬೇರೆಯವರ ಮನೆಯದಾಗುತ್ತದೆ! ಅಟ್ಟದ ಕೆಳಗೆ ಕೂತು ಫೋನಿನಲ್ಲಿ ಆಟ ನೋಡಿದ. ನಮ್ಮ ಗೋಲ್‌ಕೀಪರ್ ಚೆಂಡು ಹಿಡಿದಾಗಲೆಲ್ಲ “ಕೈ ಮುರೀಲಿ ನಿಂದು” ಎಂದು ಹಲ್ಲು ಕಡಿದ.

ಕಾಶಿಂಬಿ ಹಿಂದಿನಿಂದ ಕೇಳಿಸಿಕೊಂಡಳು. “ಯಾರ ಮಗಗ ಶಾಪ ಹಾಕಾಕತ್ತೀರಿ? ಅವನೂ ಒಬ್ಬಾಕಿ ಹಡದ ಕೂಸಲ್ಲೇನ್ರಿ? ತೋಬಾ ತೋಬಾ!”

ಬಾಬಾಜಾನನಿಗೆ ನಾಚಿಕೆಯಾಯಿತು. ಆದರೂ ಫೋನು ಆರಿಸಲಿಲ್ಲ. ಆ ಹುಡುಗರು ಒಂದು ಸೋತು, ಒಂದು ಸಮ ಮಾಡಿ, ಒಂದು ಗೆದ್ದು ಮುಂದಿನ ಸುತ್ತಿಗೆ ಹೋದರು. ಏಳು–ಸೊನ್ನೆ ಇದ್ದಲ್ಲಿಯೇ ಉಳಿಯಿತು.

ಅದೇ ತಿಂಗಳು ಸವದತ್ತಿಗೆ ಒಂದು ಮದುವೆಯ ಗಾದಿ ಮುಟ್ಟಿಸಬೇಕಿತ್ತು. ಅಪ್ಪ-ಮಗ ಇಬ್ಬರೂ ಹೋದರು. ಹುಡುಗಿಯ ಅಜ್ಜಿ ಶೆಟ್ಟೆವ್ವ ಎಂಬಾಕೆ ಗಾದಿ ಒತ್ತಿ ನೋಡಿ, ಬಾಯ್ತುಂಬ ನಕ್ಕು, “ಬೈಲಹೊಂಗಲದ ಏಳಗೋಲದವರು ಛಲೋ ಹೊಲೀತಾರ ಅಂತ ಹೇಳಿದ್ರಪಾ. ಅದಕ್ಕ ನಿಮಗ ಹೇಳಿಕಳಿಸಿದ್ನಿ” ಎಂದಳು. ಪಾಪ, ಆಕೆಗೆ ಆ ಮಾತಿನ ಅರ್ಥವೇ ಗೊತ್ತಿರಲಿಲ್ಲ. ಹೆಸರೆಂದು ಹೆಸರು ಹೇಳಿದಳು. ಇನ್ನೊಂದು ಗಾದಿ ತಲೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ನಿಂತಿದ್ದ ಶಹಬಾಜ ಎಲ್ಲ ಕೇಳಿದ.

ಆಮೇಲೆ ಕೆಲವೇ ದಿನಕ್ಕೆ ಕೋಚ್ ಆಕಾಶನ ಫೋನು ಬಂತು. ಗೋವಾದ ಕ್ಲಬ್ಬೊಂದು ಬೆಳಗಾವಿಗೆ ಬಂದು ಹುಡುಗರನ್ನು ಆರಿಸಲಿದೆ. ಆ ಏಳು ಗೋಲಿನ ಆಟವನ್ನು ಅವರು ಪೂರ್ತಿ ನೋಡಿದ್ದಾರೆ, ನೋಡಿಯೇ ಶಹಬಾಜನನ್ನು ಕೇಳಿದ್ದಾರೆ, ಅವನು ಹಿಡಿದದ್ದೆಷ್ಟು ಎಂಬುದು ಅವರಿಗೆ ಗೊತ್ತು ಎಂದ. ಬಾಬಾಜಾನನಿಗೆ ಅಳು ಬಂತು. ಒಬ್ಬರಾದರೂ ಆ ಆಟವನ್ನು ಕೊನೆಯವರೆಗೆ ನೋಡಿದರಲ್ಲ!

ರಾತ್ರಿ ಊಟಕ್ಕೆ ಕೂತಾಗ ಶಹಬಾಜ ಹೇಳಿದ:

“ಹೋಗತೇನಿ. ಆದ್ರ ಒಂದ ಮಾತು, ಅಪ್ಪಾ. ಊರ ಮಂದಿ ಏನರ ಅನ್ನಲಿ, ಆ ಹೆಸರು ಈ ಮನ್ಯಾಗ ಬರಬಾರದು. ನಿನ್ನ ಬಾಯಾಗ ಬಂತಂದ್ರ, ಅದು ಖರೇನ ನಮ್ಮ ಹೆಸರಾತು ಅಂತ ತಿಳಕೋತೇನಿ. ಅಲ್ಲಿಗೆ ಆಟ ಬಿಟ್ಟೆ.”

“ಹುಚ್ಚ, ನನ್ನ ಬಾಯಾಗ ಬರತೈತೇನೋ ಅದು?” ಬಾಬಾಜಾನ ತಟ್ಟೆಯ ಮೇಲಿನ ರೊಟ್ಟಿ ಮುಟ್ಟಿದ. “ಅನ್ನದ ಆಣಿ ಐತಿ. ನೀ ಗಾದಿ ಬಾಬಾಜಾನನ ಮಗ. ಸಾಯೂತನಕ.”

ಕರೆದೊಯ್ಯಲು ಆಕಾಶ ತಾನೇ ವ್ಯಾನ್ ತೆಗೆದುಕೊಂಡು ಹೊರಟ; ಮನೆಗೆ ಅವನು ಬರುವುದು ಇದೇ ಮೊದಲು. ಮನೆಯಲ್ಲಿ ಹಬ್ಬದ ಬೆಳಗು. ಕಾಶಿಂಬಿ ಬುತ್ತಿಗೆ ಶೇಂಗಾ ಹೋಳಿಗೆ ಕಟ್ಟಿದಳು. ಶಹಬಾಜ ಎರಡು ವರ್ಷದ ಮೇಲೆ ಬೂಟಿನ ದಾರ ಬಿಗಿದ, ಬ್ಯಾಗು ಹೆಗಲಿಗೇರಿಸಿ ನಿಂತ. ಆಗಲೇ ಆಕಾಶನ ಫೋನು ಬಂತು.

“ಕಾಕಾ, ಮಸೂತಿ ಹತ್ರ ನಿಂತೇನಿ. ನದಾಫ ಮನಿ ಅಂದ್ರ ಎಲ್ಲಾರೂ ನಗಾಕತ್ತಾರ. ಬಾಬಾಜಾನ ಅಂದ್ರ ಯಾವ ಬಾಬಾಜಾನ ಅಂತ ಕೇಳ್ತಾರ. ವ್ಯಾನಿನ್ಯಾಗ ಹುಡುಗೂರು ಕುಂತಾರ, ಹೊತ್ತಾಗಾಕತ್ತೈತ್ರಿ.”

“ಗಾದಿ ಬಾಬಾಜಾನ ಅಂತ ಕೇಳ್ರಿ ಸರ್! ಸಣ್ಣ ಕೂಸೂ ತೋರಸತೈತಿ.”

ಆಕಾಶ ಯಾರನ್ನೋ ಕೇಳಿದ್ದು ಫೋನಿನಲ್ಲೇ ಕೇಳಿಸಿತು. ಉತ್ತರವೂ ಕೇಳಿಸಿತು: “ಗಾದಿ ಬಾಬಾಜಾನ? ಹಂಗಂತ ಯಾರೂ ಇಲ್ಲಲ್ರಿ ಇಲ್ಲೆ.”

ಎದ್ದು ಓಣಿಯ ತಿರುವಿಗೆ ಹೋಗಿ ಕೈ ಬೀಸಿದ್ದರೆ ಸಾಕಿತ್ತು. ಆದರೆ ಮಗನ ಗಾಡಿ ಎಲ್ಲಿ ತಪ್ಪೀತೋ, ಕೋಚ್ ಎಲ್ಲಿ ಬೇಸತ್ತು ತಿರುಗಿ ಹೋದಾನೋ ಎಂಬ ಗಡಿಬಿಡಿ. ನಾಲಗೆಗೆ ಎಲುಬಿಲ್ಲ. ಬಾಬಾಜಾನ ಫೋನಿನಲ್ಲಿ ಒದರಿದ:

“ಏಳಗೋಲ ಮನಿ ಅಂತ ಕೇಳ್ರಿ ಸರ್, ಏಳಗೋಲ! ಅಂದ್ರ ತೋರಸ್ತಾರ!”

ಎಷ್ಟು ಸಲೀಸಾಗಿ ಬಂತು ಎಂದರೆ, ಅಂದವನಿಗೇ ಮೊದಲು ತಿಳಿಯಲಿಲ್ಲ. ಕಾಶಿಂಬಿಯ ಕೈ ಬುತ್ತಿಯ ಗಂಟಿನ ಮೇಲೆ ನಿಂತದ್ದನ್ನು ಕಂಡಾಗ ತಿಳಿಯಿತು. ಆಮೇಲೆ ಮಗನ ಮುಖ ನೋಡಿದ.

“ಶಹಬಾಜಾ, ಗಡಬಡ್ಯಾಗ ಬಂತೋ… ನಾ ಹಂಗ ಅನ್ನಬೇಕಂತ…”

ಶಹಬಾಜ ಸಿಟ್ಟಿಗೇಳಲಿಲ್ಲ. ಸಿಟ್ಟಿಗೆದ್ದಿದ್ದರೆ ಕಾಲು ಹಿಡಿದಾದರೂ ಒಪ್ಪಿಸಬಹುದಿತ್ತು. ಬ್ಯಾಗು ಇಳಿಸಿ ಗೋಡೆಗೆ ಒರಗಿಸಿದ, ಕೂತು ಬೂಟು ಬಿಚ್ಚಿದ, ಮೂಗಿಗೆ ಬಟ್ಟೆ ಕಟ್ಟಿಕೊಂಡ. ಅಷ್ಟರಲ್ಲೇ ಬಾಗಿಲಲ್ಲಿ ಆಕಾಶ ಬಂದು ನಿಂತ. ಹಿಂದೆ ದಾರಿ ತೋರಿಸಿದ ನಾಲ್ಕು ಜನ, ಅವರ ನಡುವೆ ಹಲ್ಲು ಕಿರಿಯುತ್ತ ಅಂದಾನೆಪ್ಪ.

“ಆ ಹೆಸರು ಹೇಳಿದ ಕೂಡ್ಲೆ ತೋರಿಸಿದ್ರ ನೋಡ್ರಿ, ಕಾಕಾ!” ಎಂದು ಆಕಾಶ ನಕ್ಕ. “ಎಲ್ಲಿ, ನಮ್ಮ ಶಹಬಾಜ ನದಾಫ ತಯಾರ ಆದನೋ ಇಲ್ಲೋ?”

ಮಷೀನಿನ ಮುಂದೆ ಕೂತಿದ್ದ ಹುಡುಗ ತಲೆಯೆತ್ತಿ ನೋಡಿದ.

“ಆ ಹೆಸರಿನಾಂವ ಇಲ್ಲಿ ಯಾರೂ ಇಲ್ಲರಿ, ಸರ್. ಇದು ಏಳಗೋಲ ಮನಿ.”

ಎಂದವನೇ ಮಷೀನು ಹಚ್ಚಿದ. ಬಾಬಾಜಾನ ಏನೋ ಕೂಗಿ ಹೇಳಿದ, ಯಾರಿಗೂ ಕೇಳಿಸಲಿಲ್ಲ.