ದಿನದ ಒಂದು ಸಾಲು ಬರೆದವರಿಗೆ ಆಟ

ಅವನ ಕಸುಬು ಕಟ್ಟುಹಲ್ಲು ಮಾಡುವುದು. ಹಗಲೆಲ್ಲ ಕಂಡವರ ಬಾಯಿಯ ಅಚ್ಚು ಮುಂದಿಟ್ಟುಕೊಂಡು ಹಲ್ಲು ಕೂರಿಸುವುದು, ಸಂಜೆ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂರುವುದು. ಅಂತರ್ಜಾಲದಲ್ಲಿ ವಿಡಿಯೋ ಆಟದ ಹುಚ್ಚರ ವೇದಿಕೆಯೊಂದನ್ನು ಅವನು ನಡೆಸುತ್ತಿದ್ದ. ಅಲ್ಲಿ ಎಲ್ಲರಿಗೂ ಅವನು ಮಾವ. "ಲೋಕಕ್ಕೆಲ್ಲ ಮಾವ, ನಮ್ಮಮ್ಮನಿಗೆ ಅಳಿಯ ಆಗೋಕೆ ಮಾತ್ರ ಪುರುಸೊತ್ತಿಲ್ಲ" ಎಂದು ಹೆಂಡತಿ ಚುಚ್ಚುತ್ತಿದ್ದಳು.

ವಾರಕ್ಕೊಮ್ಮೆ ಅಲ್ಲಿ ಆಟದ ಕೀ ಹಂಚುತ್ತಿದ್ದ. ಕೀ ಅಂದರೆ ಕಬ್ಬಿಣದ್ದಲ್ಲ, ಅಕ್ಷರ ಅಂಕಿಗಳ ಉದ್ದನೆಯ ಸಾಲು; ಅದನ್ನು ಹಾಕಿದರೆ ಆಟ ನಿಮ್ಮದು, ಪುಕ್ಕಟೆ. ಆದರೆ ಮಾವನದೊಂದು ಕಟ್ಟಳೆಯಿತ್ತು. ಬರೀ 'ನನಗೂ ಬೇಕು' ಅಂದರೆ ನಡೆಯದು. ಇವತ್ತಿನ ದಿನ ಹೇಗಿತ್ತು ಎಂದು ಒಂದು ಸಾಲು ಬರೆಯಬೇಕು. ಬಸ್ಸು ತಪ್ಪಿತು, ಬೆಕ್ಕು ಮರಿ ಹಾಕಿತು, ಕೆಲಸದಲ್ಲಿ ಮೇಲಿನವನು ಬೈದ, ಏನಾದರೂ ಸರಿ. ಅಷ್ಟನ್ನೂ ಕೂತು ಓದಿ, ಮನಸ್ಸಿಗೆ ತಟ್ಟಿದವರಿಗೆ ಕೊಡುತ್ತಿದ್ದ. ಸಪ್ಪಗೆ ಬರೆದವರನ್ನು 'ಏನಾಯ್ತೋ?' ಎಂದು ಬೇರೆಯಾಗಿ ವಿಚಾರಿಸುತ್ತಿದ್ದ. ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಒಬ್ಬನಿದ್ದ, ವೇದಿಕೆಯಲ್ಲಿ ಆಮೆ ಎಂದು ಅಡ್ಡಹೆಸರು. ಅವನನ್ನಂತೂ ಎಷ್ಟೋ ಸಲ ಮಾತಾಡಿಸಿ, ನಗಿಸಿ, ಮಲಗಲು ಕಳಿಸಿದ್ದ.

ಜನ ಸುಮ್ಮನಿರುತ್ತಾರೆಯೇ? ಪುಕ್ಕಟೆ ಸಿಕ್ಕಿದ್ದರಲ್ಲೂ ಹುಳುಕು ಹುಡುಕುವ ಪೈಕಿ. 'ಮಾವ ತನ್ನವರಿಗೇ ಮಣೆ ಹಾಕ್ತಾನೆ' ಎಂದು ಗುಲ್ಲೆದ್ದಿತು. ಮಾವನಿಗೆ ಪಿತ್ತ ನೆತ್ತಿಗೇರಿತು. "ಹೌದಾ? ಇನ್ಮೇಲೆ ಯಂತ್ರವೇ ಆರಿಸಲಿ, ಅದಕ್ಕೆ ನೆಂಟರೂ ಇಲ್ಲ, ಇಷ್ಟರೂ ಇಲ್ಲ" ಎಂದು ರಜೆಯ ದಿನ ಕೂತು ಪ್ರೋಗ್ರಾಂ ಬರೆದೇಬಿಟ್ಟ. ಯಾರೇ ಬರೆಯಲಿ, ಅದು ಆ ಕ್ಷಣವೇ ಮಾವನ ಹೆಸರಿನಲ್ಲಿ 'ನಿನ್ನ ಸಾಲು ಸಿಕ್ಕಿತು, ಒಳ್ಳೆಯದಾಗಲಿ!' ಎನ್ನುತ್ತಿತ್ತು, ವಾರದ ಕೊನೆಗೆ ಚೀಟಿ ಎತ್ತಿದ ಹಾಗೆ ಯಾರನ್ನೋ ಆರಿಸಿ ಕೀ ಕಳಿಸುತ್ತಿತ್ತು. ಆ ಉತ್ತರವೂ ಯಂತ್ರದ್ದೇ ಎಂದು ಅವನು ಯಾರಿಗೂ ಹೇಳಲಿಲ್ಲ. ಓದುವವರೇ ಇಲ್ಲದ ಮೇಲೆ ಸಾಲು ಬರೆಸುವುದು ಯಾಕೆ ಎಂಬುದೂ ಆ ಮಹಾನುಭಾವನಿಗೆ ಹೊಳೆಯಲಿಲ್ಲ. ಜಗಳ ನಿಂತಿತು. ಮಾವ ಆರಾಮಾಗಿ ಅತ್ತೆಮನೆಗೂ ಹೋಗಿಬಂದ.

ತಿಂಗಳು ಕಳೆದಿರಬೇಕು. ಊಟದ ಬಿಡುವಿನಲ್ಲಿ, ಕೈಗಂಟಿದ ಪ್ಲಾಸ್ಟರ್ ಒರೆಸಿಕೊಳ್ಳುತ್ತ ಫೋನ್ ನೋಡಿದರೆ ಗುರುತಿಲ್ಲದ ಹೆಂಗಸೊಬ್ಬಳ ಸಂದೇಶ.

"ನಾನು ಆಮೆಯ ಅಕ್ಕ. ತಮ್ಮ ಹೋಗಿಬಿಟ್ಟ, ತಾನೇ ಜೀವ ತಕ್ಕೊಂಡ. ನಮಗ್ಯಾರಿಗೂ ಹೇಳದೇ ಇದ್ದದ್ದನ್ನ ಕೊನೇ ದಿನ ನಿಮ್ಮಲ್ಲಿ ಬರೆದಿದ್ದಾನೆ. ಮಾವ ಅಂದ್ರೆ ಪ್ರಾಣ ಅವನಿಗೆ. ನೀವು ಅದನ್ನ ಓದಿದ್ರಾ? ಅಷ್ಟು ಹೇಳಿ ಸಾಕು."

ತಡಕಾಡಿ ಹುಡುಕಿದ. ಆಮೆಯ ಸಾಲು ಅಲ್ಲೇ ಇತ್ತು: "ಆಟ ಬೇಡ ಮಾವ, ನಂಗೆ ಬಂದ್ರೆ ಬೇರೆ ಯಾರಿಗಾದ್ರೂ ಕೊಡಿ. ಇನ್ನು ಇರೋಕಾಗ್ತಿಲ್ಲ. ಒಂದ್ಸಲ ಮಾತಾಡ್ತೀರಾ?" ಅದರ ಕೆಳಗೇ, ಮಾವನ ಹೆಸರಿನಲ್ಲಿ, 'ನಿನ್ನ ಸಾಲು ಸಿಕ್ಕಿತು, ಒಳ್ಳೆಯದಾಗಲಿ!'

ಅಯ್ಯೋ ದೇವರೇ ಎಂದು ಬಾಯಿಬಿಟ್ಟೇ ಅಂದ. ಪಕ್ಕದ ಮೇಜಿನವನು ತಿರುಗಿ ನೋಡಿದ. ನಿನ್ನ ತಮ್ಮನ ಮಾತನ್ನು ಯಾರೂ ಓದಲಿಲ್ಲ ಎಂದು ಆ ಹೆಣ್ಣುಮಗಳಿಗೆ ಹೇಗೆ ಹೇಳುವುದು? ಒಬ್ಬರ ಕಿವಿಗಾದರೂ ಬಿದ್ದಿತ್ತು ಅಂದುಕೊಂಡು ಸಮಾಧಾನ ಮಾಡಿಕೊಳ್ಳಲಿ. "ಓದಿದೆ ಕಣಮ್ಮ" ಎಂದು ಬರೆದ. ಕನಿಕರ ಇತ್ತು, ಇಲ್ಲವೆನ್ನಲಾರೆ. ನಿಜ ಹೇಳುವ ಎದೆ ಇರಲಿಲ್ಲ ಎಂಬುದೂ ಸುಳ್ಳಲ್ಲ.

ಅವಳ ಉತ್ತರ ಬಂತು.

"ಓದಿದ ಮೇಲೂ ಒಳ್ಳೆಯದಾಗಲಿ ಅಂದು ಸುಮ್ಮನಾದ್ರಾ? ಮಾವ ಓದಿರಲಿಲ್ಲ ಅಂತ ಹೇಳ್ಲಪ್ಪಾ ಅಂತ ದೇವರಿಗೆ ಕೈ ಮುಗಿದು ಕೂತಿದ್ದೆ ನಾನು."

ಈಗ ಅವನು ಒಂದನ್ನೂ ಬಿಡದೆ ಎಲ್ಲವನ್ನೂ ಬರೆದ: ಪ್ರೋಗ್ರಾಂ ಬರೆದದ್ದು, ಅದು ತಾನಾಗಿ ಉತ್ತರ ಕೊಡುವುದು, ಆಮೇಲೆ ತಾನು ಒಬ್ಬರ ಸಾಲನ್ನೂ ಓದದೇ ಇದ್ದದ್ದು, ಈಗ ಹೇಳಿದ್ದು ಸುಳ್ಳೆಂಬುದು. ಕ್ಷಮಿಸು ತಾಯಿ ಎಂದು ಕೈಮುಗಿದ.

"ಥೂ, ನಾಚಿಕೆ ಆಗಲ್ವಾ?" ಎಂದಳು ಅವಳು. "ಈಗ ಯಂತ್ರದ ತಲೆಗೆ ಕಟ್ತೀರಾ?"

ಇಲ್ಲಮ್ಮ, ಆಣೆಯಾಗಿ ಅದೇ ನಿಜ ಎಂದು ಬರೆದು ಕಳಿಸಿದ. ಹೋಗಲಿಲ್ಲ. ಅಷ್ಟರಲ್ಲಿ ಅವಳು ಅವನನ್ನು ಬ್ಲಾಕ್ ಮಾಡಿಯಾಗಿತ್ತು.